ಲಾಕ್ ಮಾಡಿ ಕೊಟ್ಟ ಎಕ್ಸೆಲ್ ಶೀಟ್ ಸರಿಮಾಡದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾವು ಆಳಂದ ತಾಲ್ಲೂಕಿನ ಮಹಿಳಾ ಸಂಘದವರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಕಲಬುರಗಿಯ ಅಂಗಡಿ, ಹಾಸ್ಟೆಲ್‌ಗಳಿಗೆ ಕೊಡುತ್ತೇವೆ. ಸಂಘದ ಲೆಕ್ಕ ಬರೆಯುವವಳು ನಾನು. ಆ ಲೆಕ್ಕಕ್ಕೆ ನಿಮ್ಮಿಂದ ಎಕ್ಸೆಲ್ ಶೀಟ್ ಮಾಡಿಸಿಕೊಂಡೆವು. ಒಂದು ವರ್ಷ ಏನೇ ತೊಂದರೆ ಬಂದರೂ ಸರಿಮಾಡಿಕೊಡುತ್ತೇವೆ ಎಂದು ಬಿಲ್ಲಿನಲ್ಲೇ ಬರೆದಿದ್ದೀರಿ. ನಿಮ್ಮ ನಿಯಮ ನಿಮಗೆ ಗೊತ್ತಿದೆ, ಅಲ್ವಾ?

ಮೊತ್ತದ ಕಾಲಂ ತೀರಾ ಸಣ್ಣದು. ಸಾವಿರದ ಲೆಕ್ಕ ಕಾಣುತ್ತದೆ, ಲಕ್ಷ ದಾಟಿದರೆ ಬರೀ ಹ್ಯಾಷ್ (#) ಗುರುತು. ಸಾಲಿನ ಎತ್ತರವನ್ನು 15 ಪಾಯಿಂಟ್‌ಗೆ ನಿಲ್ಲಿಸಿದ್ದೀರಿ. ಇಂಗ್ಲಿಷಿಗೆ ಅಷ್ಟು ಸಾಕು, ನಮ್ಮ ಒತ್ತಕ್ಷರಕ್ಕೆ ಸಾಲದು. ಮಲ್ಲಮ್ಮ ಎಂಬ ಹೆಸರು ಮಲಮ ಎಂದು ಪ್ರಿಂಟ್ ಆಗುತ್ತದೆ. ಬಾಕಿಯ ಕಾಲಂ ಒಂದೇ ಬೇರೆ ಹಾಳೆಗೆ ಹೋಗುತ್ತದೆ, ಆ ಹಾಳೆಯಲ್ಲಿ ಹೆಸರೇ ಇರುವುದಿಲ್ಲ. ಯಾರ ಬಾಕಿ ಎಷ್ಟು ಅಂತ ಹೇಗೆ ತಿಳಿಯಬೇಕು? ಬ್ಯಾಂಕಿನವರು ನೋಡಿ ವಾಪಸ್ ಕೊಟ್ಟರು. ಸಾಲದ ಅರ್ಜಿ ಅಲ್ಲೇ ನಿಂತಿದೆ.

ಇದನ್ನೆಲ್ಲ ನಿಮ್ಮ ಸಿಬ್ಬಂದಿಗೆ ಫೋನಿನಲ್ಲಿ ಸಮಾಧಾನವಾಗಿಯೇ ಹೇಳುತ್ತಾ ಬಂದೆ. ಕೊನೆಯ ಸಲ ಫೋನ್ ಮಾಡಿದ್ದು ಸಂಘದ ಸಭೆಯಲ್ಲಿ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

“ಕಾಲಂ ಗೆರೆ ಹಿಡಿದು ಎಳೀರಿ ಮೇಡಂ. ಇಲ್ಲಾಂದ್ರೆ ಡಬಲ್ ಕ್ಲಿಕ್ ಮಾಡಿ.”

“ಆಗಲ್ರಿ ಸರ್. ಶೀಟ್ ಲಾಕ್ ಆಗ್ಯಾದ. ಪಾಸ್‌ವರ್ಡ್ ನಿಮ್ಮ ಹತ್ರಾನೇ ಅದ.”

“ಮೌಸ್ ಹಿಡಿಯೋದು ಗೊತ್ತಾ ನಿಮಗೆ?”

“ಗೊತ್ತದರಿ. ಫಾರ್ಮ್ಯಾಟ್ ಮೆನುದಾಗ ಕಾಲಂ ವಿಡ್ತ್ ಅನ್ನೋದೇ ಮಂಕಾಗ್ಯಾದ, ಒತ್ತಿದ್ರ ಏನೂ ಆಗವಲ್ದು.”

“ಮನೇಲಿ ಓದಿದ ಹುಡುಗ್ರು ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ.”

ಅವರ ಪಕ್ಕದಲ್ಲಿ ಯಾರೋ ನಕ್ಕರು. ಫೋನ್ ಕಟ್ ಆಯಿತು. ನಾನು ಬಿ.ಕಾಂ. ಓದಿದವಳು. ನನ್ನ ಕೈಗೆ ದುಡ್ಡು ಕೊಟ್ಟು ನೆಮ್ಮದಿಯಿಂದ ಇರುವ ಹೆಂಗಸರು ಸುತ್ತ ಕೂತಿದ್ದರು. ಯಾರೂ ಮಾತಾಡಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ. ಬೀಗ ಹಾಕಿದ್ದು ನೀವು, ಬಾಗಿಲು ತೆಗೆಯಲು ಬರಲ್ವಾ ಎಂದು ಕೇಳಿದ್ದೂ ನೀವೇ.

ಸೂತ್ರಗಳು ಕೆಡಬಾರದೆಂದು ಲಾಕ್ ಮಾಡಿದ್ದೀರಿ, ಅದು ಸರಿ. ಆದರೆ ಶೀಟ್ ಪ್ರೊಟೆಕ್ಟ್ ಮಾಡುವ ಕಡೆಯೇ ಫಾರ್ಮ್ಯಾಟ್ ಕಾಲಮ್ಸ್, ಫಾರ್ಮ್ಯಾಟ್ ರೋಸ್ ಎಂಬ ಎರಡು ಆಯ್ಕೆಗಳಿವೆ. ಅವಕ್ಕೆ ಟಿಕ್ ಹಾಕಿದರೆ ಸೂತ್ರವೂ ಭದ್ರ, ಅಗಲ ಎತ್ತರವೂ ನಮ್ಮ ಕೈಯಲ್ಲಿ. ಅದನ್ನು ಮಾಡಿಕೊಡಿ. ವಿಳಾಸದ ಕಾಲಮ್ಮಿಗೆ ವ್ರ್ಯಾಪ್ ಟೆಕ್ಸ್ಟ್ ಹಾಕಿ, ಉದ್ದದ ವಿಳಾಸ ಅದೇ ಸೆಲ್‌ನಲ್ಲಿ ಕೆಳಗಿನ ಸಾಲಿಗೆ ಇಳಿಯಲಿ. ಮರ್ಜ್ ಮಾಡಿ ಒಂದಾಗಿ ಸೇರಿಸಿದ ಸೆಲ್‌ಗಳನ್ನು ಬಿಡಿಸಿ, ಅವು ಇದ್ದರೆ ಸಾಲಿನ ಎತ್ತರ ತಾನಾಗಿ ಹೊಂದಿಕೊಳ್ಳುವುದಿಲ್ಲ. ಎ4 ಹಾಳೆ ಅಡ್ಡಕ್ಕಿರಲಿ, ಎಲ್ಲ ಕಾಲಂ ಒಂದೇ ಹಾಳೆಯ ಅಗಲದಲ್ಲಿ ಬರಲಿ, ತಲೆಬರಹದ ಸಾಲು ಪ್ರತಿ ಹಾಳೆಯಲ್ಲೂ ಇರಲಿ. ಕೆಲಸ ಬಲ್ಲವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಅದಕ್ಕೇ ಸಿಟ್ಟು ಜಾಸ್ತಿ.

ಈ ಪತ್ರ ತಲುಪಿದ 15 ದಿನದೊಳಗೆ ಶೀಟ್ ಸರಿಯಾಗಬೇಕು. ಮಾತಾಡಿದ ಸಿಬ್ಬಂದಿ ಸಂಘದ ಮುಂದೆ, ಸ್ಪೀಕರ್‌ನಲ್ಲೇ, ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಹೊಟ್ಟೆಪಾಡಿಗೆ ಸ್ವಂತ ದುಡಿಯುವವರನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕಾಪಾಡುತ್ತದೆ. ಬಿಲ್ಲು, ಪ್ರಿಂಟ್ ಹಾಳೆಗಳು ನನ್ನ ಹತ್ತಿರ ಇವೆ. ಫೋನಿನ ಮಾತಿಗೆ ಸಾಕ್ಷಿ ಹೇಳಲು ಸಂಘದ ಎಲ್ಲ ಹೆಂಗಸರೂ ಬರುತ್ತಾರೆ.

ಇತಿ,
ಸಂಘದ ಲೆಕ್ಕ ಬರೆಯುವವರು,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ