ಇನ್‌ಸ್ಟಾಲ್ ಮಾಡುವುದರ ಜೊತೆಗೆ ಹುಡುಕುವ ದಾರಿಯನ್ನೂ ಕಲಿಸಿ

ಸಂಪಾದಕರಿಗೆ,

ಮಾನ್ಯರೇ,

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗಾಗಿ ಪತ್ರಿಕೆಗಳಲ್ಲಿ ಬರುವ ಲೇಖನಗಳೂ ತರಗತಿಯ ಪಾಠಗಳೂ ಪ್ಯಾಕೇಜ್ (ಇತರರು ಬರೆದು ಹಂಚಿದ ಸಿದ್ಧ ಕೋಡ್) ಇನ್‌ಸ್ಟಾಲ್ ಮಾಡುವ ವಿಷಯವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಪೈಥಾನ್ ಭಾಷೆಯ ಪಾಠವಾದರೆ, ಪ್ಯಾಕೇಜ್ ತಂದುಹಾಕುವ ಪಿಪ್ ಎಂಬ ಸಲಕರಣೆಯನ್ನು ಕರೆಯಲು ‘ಪಿಪ್ ಇನ್‌ಸ್ಟಾಲ್’ ಎಂದು ಟೈಪ್ ಮಾಡಿ, ಆಮೇಲೆ ಪ್ರೋಗ್ರಾಮಿನಲ್ಲಿ ‘ಇಂಪೋರ್ಟ್’ ಎಂದು ಬರೆಯಿರಿ ಎನ್ನುವಲ್ಲಿಗೆ ಪಾಠ ನಿಲ್ಲುತ್ತದೆ. ಇನ್‌ಸ್ಟಾಲ್ ಆದ ಫೈಲುಗಳು ಯಾವ ಫೋಲ್ಡರಿಗೆ ಹೋದವು, ಇಂಟರ್‌ಪ್ರಿಟರ್ (ಪ್ರೋಗ್ರಾಮನ್ನು ಓದಿ ಓಡಿಸುವ ತಂತ್ರಾಂಶ) ಅವುಗಳನ್ನು ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಹುಡುಕುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಈ ಒಂದು ಕೊರತೆಯಿಂದ ಕಲಿಯುವವರು ಅನಗತ್ಯವಾಗಿ ಬಳಲುತ್ತಿರುವುದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಪ್ಯಾಕೇಜ್ ಯಶಸ್ವಿಯಾಗಿ ಇನ್‌ಸ್ಟಾಲ್ ಆಗಿದೆ ಎಂದು ಒಂದು ಕಡೆ ಸಂದೇಶ ಬರುತ್ತದೆ. ಮರುಕ್ಷಣವೇ ಆ ಹೆಸರಿನ ಮಾಡ್ಯೂಲ್ (‘ಇಂಪೋರ್ಟ್’ ಮಾಡಿಕೊಳ್ಳುವ ಕೋಡ್) ಇಲ್ಲವೆಂದು ಪ್ರೋಗ್ರಾಂ ನಿಂತುಹೋಗುತ್ತದೆ. ಆಗ ಹೊಸಬರು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ. ಅದು ಈಗಾಗಲೇ ಇದೆ ಎಂಬ ಉತ್ತರ ಬಂದ ಮೇಲೆ ದಿಕ್ಕು ತೋಚದೆ ಅಡ್ಮಿನ್ ಅಧಿಕಾರ ಬಳಸಿ ಇಡೀ ಕಂಪ್ಯೂಟರಿಗೇ ಅದನ್ನು ತುಂಬುತ್ತಾರೆ. ಈ ಸಂದೇಶಗಳಲ್ಲಿ ಯಾವುದೂ ಸುಳ್ಳಲ್ಲ. ಪ್ಯಾಕೇಜ್ ಡಿಸ್ಕಿನಲ್ಲಿ ಇದೆ. ಆದರೆ ಪ್ರೋಗ್ರಾಂ ಓಡಿಸಿದ ಇಂಟರ್‌ಪ್ರಿಟರ್ ಹುಡುಕಿದ ಜಾಗಗಳಲ್ಲಿ ಅದು ಇಲ್ಲ.

ಪೈಥಾನ್ ಭಾಷೆಯಲ್ಲಿ ಈ ಜಾಗಗಳ ಪಟ್ಟಿಗೆ ‘ಸಿಸ್.ಪಾತ್’ ಎಂದು ಹೆಸರು. ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಮೊದಲು ಬರುವುದು ಓಡುತ್ತಿರುವ ಸ್ಕ್ರಿಪ್ಟ್ ಇರುವ ಫೋಲ್ಡರ್. ನಂತರ ‘ಪೈಥಾನ್‌ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಮುಗಳು ಓದಿಕೊಳ್ಳಲೆಂದು ಹೆಸರು ಕೊಟ್ಟು ಇಟ್ಟ ಸೆಟ್ಟಿಂಗ್) ಹೇಳಿದ ಜಾಗಗಳು, ಭಾಷೆಯ ಜೊತೆಗೇ ಬರುವ ಲೈಬ್ರರಿ, ಬಳಕೆದಾರರ ಸ್ವಂತ ಪ್ಯಾಕೇಜ್ ಫೋಲ್ಡರ್, ಕೊನೆಗೆ ಎಲ್ಲರಿಗೂ ಸೇರಿದ ಪ್ಯಾಕೇಜ್ ಫೋಲ್ಡರ್. ಬಳಕೆದಾರರ ಸ್ವಂತ ಫೋಲ್ಡರ್ ಎಂಬ ವ್ಯವಸ್ಥೆ 2008ರಲ್ಲಿ ಬಂದ 2.6 ಮತ್ತು 3.0 ಆವೃತ್ತಿಗಳಿಂದ ಇದೆ. ಲಿನಕ್ಸ್‌ನಲ್ಲಿ ಅದು ಹೋಮ್ ಫೋಲ್ಡರಿನೊಳಗಿನ ‘.ಲೋಕಲ್’ ಎಂಬ ಮರೆಯಾದ ಫೋಲ್ಡರಿನ ಅಡಿಯಲ್ಲಿರುತ್ತದೆ, ಮತ್ತು ಅದರ ಹೆಸರಿನಲ್ಲಿಯೇ ಪೈಥಾನಿನ ಆವೃತ್ತಿ ಸಂಖ್ಯೆ ಸೇರಿರುತ್ತದೆ. ಹಾಗಾಗಿ ಕಂಪ್ಯೂಟರ್ 3.11ರಿಂದ 3.12ಕ್ಕೆ ಏರಿದ ದಿನ, ಒಂದು ಫೈಲೂ ಅಳಿಯದಿದ್ದರೂ, ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಂ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಹಳೆಯ ಪ್ಯಾಕೇಜ್‌ಗಳು 3.11ರ ಫೋಲ್ಡರಿನಲ್ಲೇ ಉಳಿದಿರುತ್ತವೆ, ಹೊಸ ಇಂಟರ್‌ಪ್ರಿಟರ್ ಅತ್ತ ನೋಡುವುದೇ ಇಲ್ಲ. ‘ಆರ್’ ಭಾಷೆಯ ಬಳಕೆದಾರರಿಗೂ ಇದೇ ಅನುಭವವಾಗುತ್ತದೆ, ಏಕೆಂದರೆ ಅಲ್ಲಿಯೂ ವೈಯಕ್ತಿಕ ಲೈಬ್ರರಿಯ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಪೈಥಾನ್ ಶುರುವಾಗುವ ಹೊತ್ತಿಗೆ ಬಳಕೆದಾರರ ಫೋಲ್ಡರ್ ಸೃಷ್ಟಿಯೇ ಆಗಿರದಿದ್ದರೆ ಅದು ಪಟ್ಟಿಗೆ ಸೇರುವುದಿಲ್ಲ. ಆದ್ದರಿಂದ ಮೊಟ್ಟಮೊದಲ ಪ್ಯಾಕೇಜನ್ನು ಹಾಕಿಕೊಂಡವರಿಗೆ, ಆಗಲೇ ತೆರೆದಿಟ್ಟಿದ್ದ ಪೈಥಾನ್ ಅನ್ನು ಮುಚ್ಚಿ ಮತ್ತೆ ತೆರೆಯುವವರೆಗೆ ಅದು ಸಿಗದೇ ಹೋಗಬಹುದು.

ಇದನ್ನು ಪರಿಶೀಲಿಸುವುದು ಕಷ್ಟವಲ್ಲ. ‘ಪೈಥಾನ್ -ಎಂ ಸೈಟ್’ ಎಂಬ ಒಂದು ಆಜ್ಞೆ ಪಟ್ಟಿಯನ್ನು ಪೂರ್ತಿಯಾಗಿ ತೋರಿಸುತ್ತದೆ. ಬಳಕೆದಾರರ ಫೋಲ್ಡರ್ ಯಾವುದು, ಅದು ಡಿಸ್ಕಿನಲ್ಲಿ ಇದೆಯೇ, ಅದರ ಬಳಕೆಗೆ ಅನುಮತಿ ಇದೆಯೇ ಎಂಬುದನ್ನೂ ಹೇಳುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್‌ಗಳಿರುವುದು ಈಗ ಸಾಮಾನ್ಯವಾಗಿರುವುದರಿಂದ, ಪಿಪ್ ಒಂದು ಪೈಥಾನಿಗೆ ಸೇರಿದ್ದು, ಪ್ರೋಗ್ರಾಂ ಓಡಿಸುವುದು ಇನ್ನೊಂದರಲ್ಲಾಗಿರಬಹುದು. ಪಿಪ್‌ನ ಆವೃತ್ತಿಯನ್ನು ಕೇಳಿದರೆ ಅದು ಯಾವ ಪೈಥಾನಿಗೆ ಸೇರಿದ್ದೆಂಬುದು ಅದೇ ಸಾಲಿನಲ್ಲಿ ಕಾಣುತ್ತದೆ. ಪ್ರೋಗ್ರಾಂ ಓಡಿಸುವ ಪೈಥಾನಿನ ಮೂಲಕವೇ, ಅಂದರೆ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಆಜ್ಞೆ ಕೊಡುವುದನ್ನು ಮೊದಲ ಪಾಠದಿಂದಲೇ ರೂಢಿ ಮಾಡಿಸಿದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಟರ್ಮಿನಲ್‌ನಲ್ಲಿ ಸರಿಯಾಗಿ ನಡೆಯುವ ಸ್ಕ್ರಿಪ್ಟ್, ಕ್ರಾನ್ ಮೂಲಕ ನಿಗದಿತ ಸಮಯಕ್ಕೆ ತಾನಾಗಿ ಓಡುವಾಗ ಮಾತ್ರ ಏಕೆ ಸೋಲುತ್ತದೆ ಎಂದು ಕೇಳುವವರು ಬಹಳ ಮಂದಿ. ಶೆಲ್‌ನ (ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಸ್ವೀಕರಿಸುವ ಪ್ರೋಗ್ರಾಂ) ಆರಂಭಿಕ ಫೈಲಿನಲ್ಲಿ ಬರೆದಿಟ್ಟ ‘ಪೈಥಾನ್‌ಪಾತ್’ ಕ್ರಾನ್‌ಗೆ ತಲುಪಿರುವುದಿಲ್ಲ; ಕೆಲಸವು ಬೇರೆ ಬಳಕೆದಾರರ ಹೆಸರಿನಲ್ಲಿ ಓಡುತ್ತಿದ್ದರೆ ಹೋಮ್ ಫೋಲ್ಡರೇ ಬೇರೆಯಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ‘ಪೈಥಾನ್‌ಪಾತ್’ ಅನ್ನು ಶಾಶ್ವತ ಪರಿಹಾರವೆಂದು ಹೊಸಬರಿಗೆ ಕಲಿಸಲೇಬಾರದು. ಅದು ಆ ಶೆಲ್‌ನಿಂದ ಓಡುವ ಎಲ್ಲ ಪೈಥಾನ್ ಆವೃತ್ತಿಗಳಿಗೂ ಅನ್ವಯಿಸುವುದರಿಂದ, ಒಂದು ಆವೃತ್ತಿಗಾಗಿ ಕಂಪೈಲ್ ಆದ (ಯಂತ್ರಭಾಷೆಗೆ ಅನುವಾದಗೊಂಡ) ಪ್ಯಾಕೇಜ್ ಇನ್ನೊಂದರ ಕಣ್ಣಿಗೆ ಬಿದ್ದು, ಮೊದಲಿನದಕ್ಕಿಂತ ಬಿಡಿಸಲು ಕಷ್ಟವಾದ ತೊಡಕು ಉಂಟಾಗುತ್ತದೆ.

ಹುಡುಕಿದ್ದು ಸಿಗದಿರುವಂತೆಯೇ, ತಪ್ಪಾದದ್ದು ಮೊದಲೇ ಸಿಕ್ಕಿಬಿಡುವುದೂ ಇದೆ. ಅಭ್ಯಾಸಕ್ಕೆಂದು ಬರೆದ ಫೈಲಿಗೆ ‘ರ‍್ಯಾಂಡಮ್.ಪೈ’ ಎಂದು ಹೆಸರಿಟ್ಟರೆ, ಸ್ಕ್ರಿಪ್ಟಿನ ಫೋಲ್ಡರ್ ಪಟ್ಟಿಯ ತಲೆಯಲ್ಲಿರುವುದರಿಂದ, ಭಾಷೆಯ ಸ್ವಂತ ‘ರ‍್ಯಾಂಡಮ್’ ಮಾಡ್ಯೂಲ್ ಅದರ ಹಿಂದೆ ಮುಚ್ಚಿಹೋಗುತ್ತದೆ. ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಅಡಗಿದೆ: ಬೇರೆಯವರು ಅದೇ ಹೆಸರಿನ ಫೈಲನ್ನು ಅಲ್ಲಿ ಇಟ್ಟರೆ ಅದೇ ಓಡಿಬಿಡುತ್ತದೆ. ರೂಬಿ ಭಾಷೆ 2010ರ 1.9.2 ಆವೃತ್ತಿಯಲ್ಲಿ, ಪರ್ಲ್ ಭಾಷೆ 2017ರ 5.26 ಆವೃತ್ತಿಯಲ್ಲಿ, ಪ್ರೋಗ್ರಾಂ ಓಡಿಸುವಾಗ ಬಳಕೆದಾರರು ಯಾವ ಫೋಲ್ಡರಿನಲ್ಲಿದ್ದಾರೋ ಅದನ್ನು ತಮ್ಮ ಹುಡುಕುವ ಪಟ್ಟಿಯಿಂದ ತೆಗೆದುಹಾಕಿದವು. ಪೈಥಾನ್ 2022ರ 3.11 ಆವೃತ್ತಿಯಲ್ಲಿ, ಬೇಕೆಂದವರು ಆ ಮೊದಲ ಜಾಗವನ್ನು ಬಿಟ್ಟು ಓಡಿಸುವ ಆಯ್ಕೆಯನ್ನು ಒದಗಿಸಿತು. ಪರ್ಲ್‌ನ ಇನ್ನೊಂದು ಗುಣವನ್ನು ಇಲ್ಲಿ ಮೆಚ್ಚಿ ಹೇಳಲೇಬೇಕು: ಮಾಡ್ಯೂಲ್ ಸಿಗದಿದ್ದಾಗ ತಾನು ಎಲ್ಲೆಲ್ಲಿ ಹುಡುಕಿದೆ ಎಂಬ ಪಟ್ಟಿಯನ್ನು ಅದು ದೋಷ ಸಂದೇಶದಲ್ಲಿಯೇ ಮುದ್ರಿಸುತ್ತದೆ. ಎಲ್ಲ ಭಾಷೆಗಳೂ ಹೀಗೆ ಮಾಡಿದ್ದರೆ ಎಷ್ಟೋ ಜನರ ಶ್ರಮ ಉಳಿಯುತ್ತಿತ್ತು.

2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ನಿರ್ವಹಿಸುವ ಪೈಥಾನಿಗೆ ಪಿಪ್ ನೇರವಾಗಿ ಕೈಹಾಕುವುದನ್ನು ತಡೆಯಿತು. ಬಳಕೆದಾರರ ಫೋಲ್ಡರಿಗೆ ಹಾಕುವುದಕ್ಕೂ ಈ ತಡೆ ಅನ್ವಯಿಸುತ್ತದೆ. ಹಲವರು ಇದನ್ನು ಕಿರುಕುಳವೆಂದು ಭಾವಿಸಿ, ತಡೆಯನ್ನು ಮೀರುವ ಆಯ್ಕೆಯನ್ನೇ ಹೊಸಬರಿಗೆ ಸೂಚಿಸುತ್ತಿರುವುದು ವಿಷಾದದ ಸಂಗತಿ. ಬಳಕೆದಾರರ ಫೋಲ್ಡರ್ ಪಟ್ಟಿಯಲ್ಲಿ ಸಿಸ್ಟಮ್ ಪ್ಯಾಕೇಜ್‌ಗಳಿಗಿಂತ ಮುಂದಿರುವುದರಿಂದ, ಅಲ್ಲಿ ಬಂದು ಕೂತ ಹೊಸ ಆವೃತ್ತಿಯೊಂದು ಸಿಸ್ಟಮ್‌ನ ಸ್ವಂತ ಸಲಕರಣೆಯನ್ನೇ ಕೆಡಿಸಬಲ್ಲದು. 2012ರ 3.3 ಆವೃತ್ತಿಯಿಂದಲೇ ‘ವೆನ್ವ್’ ಎಂಬ ಪ್ರತ್ಯೇಕ ಆವರಣದ ಸೌಲಭ್ಯ ಪೈಥಾನಿನೊಳಗೇ ಇರುವಾಗ, ಪ್ರತಿಯೊಂದು ಕೆಲಸಕ್ಕೂ ಅದರದೇ ಆವರಣ ಮಾಡಿಕೊಳ್ಳುವುದನ್ನು ಮೊದಲ ವಾರದಲ್ಲಿಯೇ ಕಲಿಸಬಹುದು. ಹಾಗೆ ಕಲಿಸುವಾಗ, ಆವರಣದೊಳಗೆ ಬಳಕೆದಾರರ ಫೋಲ್ಡರ್ ಸಾಮಾನ್ಯವಾಗಿ ಪಟ್ಟಿಯಿಂದ ಹೊರಗುಳಿಯುತ್ತದೆ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಅದೇ ದೋಷ ಸಂದೇಶ ಮತ್ತೆ ಎದುರಾಗುತ್ತದೆ.

ತಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ಪಾಠಗಳು ಪ್ರಕಟವಾದಾಗ, ಇನ್‌ಸ್ಟಾಲ್ ಮಾಡುವ ಸಾಲಿನ ಪಕ್ಕದಲ್ಲಿಯೇ ಹುಡುಕುವ ಜಾಗಗಳ ಪಟ್ಟಿಯನ್ನು ಮುದ್ರಿಸಿ ಓದುವ ಸಾಲನ್ನೂ ಸೇರಿಸಬೇಕೆಂದು ಲೇಖಕರಲ್ಲಿ ಕೋರುತ್ತೇನೆ. ಬೋಧಕರು ಕೂಡ, ವಿದ್ಯಾರ್ಥಿ ದೋಷ ಸಂದೇಶವನ್ನು ಹಿಡಿದು ಬಂದಾಗ, ಮರಳಿ ಇನ್‌ಸ್ಟಾಲ್ ಮಾಡಲು ಹೇಳುವ ಮೊದಲು ಆ ಪಟ್ಟಿಯನ್ನು ತೋರಿಸಲು ಕೇಳಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ