‘ಸಮತಟ್ಟಾದ ಬಯಲು’ ಎಂದು ಬರೆದ ತಂಗಿಗೆ

ಪ್ರೀತಿಯ ತಂಗಿ, ಶರಣು.

ನಿನ್ನ ಕಥೆ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಅತ್ತೆ ಸೊಸೆ ಇಬ್ಬರೂ ಒಂದೇ ಕೊಡ ಹಿಡಿದು ಜಗ್ಗಾಡುವ ಭಾಗ ಓದುವಾಗ ಕರುಳು ಚುರ್ರೆಂದಿತು. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಬೇರೊಂದು ಮಾತು ಹೇಳಲೇಬೇಕು ಅನಿಸಿ ಈ ಕಾಗದ ಬರೆಯುತ್ತಿದ್ದೇನೆ.

ಎರಡನೇ ಸಲ ಪೆನ್ಸಿಲ್ ಹಿಡಿದು ಕೂತಿದ್ದೆ. ಹೊಲ ಸಮತಟ್ಟಾಗಿದೆ. ಮಾಳಿಗೆ ಸಮತಟ್ಟಾಗಿದೆ. ಅಂಗಳಕ್ಕೆ ಹಾಸಿದ ಪರಸಿ ಕಲ್ಲು ಚಪ್ಪಟೆ, ತಾಟಿನಲ್ಲಿರುವ ರೊಟ್ಟಿಯೂ ಚಪ್ಪಟೆ. ಕಥೆಯ ಮೊದಲ ಸಾಲೇ ‘ಕಣ್ಣು ಹಾಯಿಸಿದಷ್ಟೂ ಸಮತಟ್ಟಾದ ಬಯಲು’. ಬಯಲು ಅಂದಮೇಲೆ ಸಮತಟ್ಟು ಅನ್ನುವುದು ಅದರೊಳಗೇ ಬಂತಲ್ಲ? ಅಲ್ಲಿಗೆ ನೀನು ನೋಡುವುದನ್ನು ನಿಲ್ಲಿಸಿದ್ದೀಯ ಅನಿಸಿತು.

ನಾವಿಬ್ಬರೂ ಕಲಬುರಗಿ ಸೀಮೆಯವರು. ಮಳೆಕಾಡಿನ ಕಥೆ, ಕಡಲ ತೀರದ ಕಥೆ ಓದಿಕೊಂಡು ಬೆಳೆದೆವು. ನಮ್ಮ ಕಡೆ ಕಾಡಿಲ್ಲ, ಸಮುದ್ರವಿಲ್ಲ, ಇಲ್ಲಿ ಬರೆಯುವಂಥದ್ದು ಏನಿದೆ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಆ ವರ್ಷಗಳು ವ್ಯರ್ಥವಾದವು ಎಂಬ ಸಂಕಟ ಈಗಲೂ ಇದೆ. ನಿನಗೆ ಹಾಗಾಗಬಾರದು.

ರೊಟ್ಟಿಯನ್ನೇ ತಗೋ. ನಿನ್ನ ಕಥೆಯ ಸೊಸೆ ಒಲೆ ಮುಂದೆ ಕೂರುತ್ತಾಳೆ, ಮುಂದಿನ ಸಾಲಿನಲ್ಲಿ ರೊಟ್ಟಿ ಗಂಡನ ತಾಟಿಗೆ ಬಂದುಬಿಟ್ಟಿದೆ. ನಡುವೆ ಏನೇನಾಯಿತು? ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಕೈ ಸುಟ್ಟರೂ ಬಿಡದೆ ನಾದಬೇಕು. ಆಮೇಲೆ ಅಂಗೈ ತಟ್ಟುತ್ತದೆ, ಇನ್ನೊಂದು ಕೈಯ ಬೆರಳು ಅಂಚು ಕಾಯುತ್ತವೆ, ಒಂದೊಂದು ಬಡಿತಕ್ಕೂ ರೊಟ್ಟಿ ಒಂಚೂರು ತಿರುಗುತ್ತದೆ. ಅಂಚು ಸೀಳಿದಲ್ಲಿ ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಾಳೆ. ಹಂಚಿಗೆ ಹಾಕಿ, ಒಣಹಿಟ್ಟು ಮೆತ್ತಿದ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು, ತಡವಾದರೆ ಬಿರಿಯುತ್ತದೆ. ಕೊನೆಗೆ ಉರಿಗೆ ಒಡ್ಡಿದರೆ, ಅಲ್ಲಿತನಕ ತೆಳ್ಳಗೆ ಬಿದ್ದುಕೊಂಡಿದ್ದ ರೊಟ್ಟಿ ಉಬ್ಬಿ ಎರಡು ಪದರಾಗಿ ನಿಲ್ಲುತ್ತದೆ.

ನಮ್ಮವ್ವ ಸಿಟ್ಟಿನಲ್ಲಿದ್ದಾಳೋ ಸಮಾಧಾನದಲ್ಲಿದ್ದಾಳೋ ಎಂಬುದು ಹೊರಗೆ ಕಟ್ಟೆಯ ಮೇಲೆ ಕೂತ ನಮಗೆ ರೊಟ್ಟಿ ಬಡಿಯುವ ಸಪ್ಪಳದಲ್ಲೇ ತಿಳಿಯುತ್ತಿತ್ತು. ಜಗಳವಾದ ದಿನ ಸಪ್ಪಳ ಬಿರುಸಾಗಿ ಬರುತ್ತಿತ್ತು, ಮಾತು ಬಿಟ್ಟ ದಿನ ಒಂದೇ ಸಮನೆ ಬರುತ್ತಿತ್ತು. ನಿನ್ನ ಸೊಸೆ ಕೊಡದ ಜಗಳ ಮುಗಿಸಿದ ಕೂಡಲೇ ರೊಟ್ಟಿಗೆ ಕೂರುತ್ತಾಳೆ. ಆ ಸಪ್ಪಳ ಕಥೆಯಲ್ಲಿ ಕೇಳಲಿಲ್ಲ. ‘ಚಪ್ಪಟೆ ರೊಟ್ಟಿ’ ಅಂದದ್ದೇ ಅದು ಮುಚ್ಚಿಹೋಯಿತು.

ನಮ್ಮ ಮಾತಿನಲ್ಲಿ ಇದಕ್ಕೇನು ಬರವೇ? ರೊಟ್ಟಿ ತಟ್ಟುತ್ತೇವೆ, ಚಪಾತಿ ಲಟ್ಟಿಸುತ್ತೇವೆ, ಹಪ್ಪಳ ಒತ್ತುತ್ತೇವೆ, ಸಗಣಿಯ ಕುಳ್ಳು ಬಡಿಯುತ್ತೇವೆ, ಕಣ ಸಾರಿಸುತ್ತೇವೆ, ಪರಸಿ ಹಾಸುತ್ತೇವೆ. ಕರಾವಳಿಯವರು ಕೆಸರುಗದ್ದೆ ಸಮ ಮಾಡುವ ಹಲಗೆಯನ್ನು ಕಂಬಳಕ್ಕೂ ತಂದು ‘ಅಡ್ಡ ಹಲಗೆ’ ಎಂದು ಓಟದ ಒಂದು ವಿಭಾಗವನ್ನೇ ಇಟ್ಟುಕೊಂಡಿದ್ದಾರೆ. ಒಂದೊಂದು ಕ್ರಿಯಾಪದದ ಹಿಂದೆ ಒಂದೊಂದು ಕೈ ಇದೆ, ಬೇರೆ ಬೇರೆ ಬೆನ್ನುನೋವು ಇದೆ. ಅವೆಲ್ಲ ಮನೆಯಲ್ಲೇ ಇರುವಾಗ ‘ಸಮತಟ್ಟಾಗಿದೆ’ ಎಂದು ಕೈತೊಳೆದುಕೊಳ್ಳಬೇಡ.

ಇನ್ನು ಪರಸಿ. ಒಂದು ದಿನ ಬಿಡುವು ಮಾಡಿಕೊಂಡು ಶಹಾಬಾದ್ ಕಡೆಯ ಖಣಿ ನೋಡಿ ಬಾ. ಅದು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ, ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು, ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರು ಪದರಾಗಿ ಕೂತು ಗಟ್ಟಿಯಾಗಿ ಕಲ್ಲಾಯಿತು. ಅದಕ್ಕೇ ಪದರಿಗೆ ಉಳಿ ಇಟ್ಟು ಬಡಿದರೆ ಹಾಳೆ ಬಿಡಿಸಿದ ಹಾಗೆ ಎದ್ದು ಬರುತ್ತದೆ. ನಮ್ಮ ಕಡೆ ಸಮುದ್ರವಿಲ್ಲ ಎಂದು ಕೊರಗುತ್ತಿದ್ದ ನಾನು ಹುಟ್ಟಿದಾಗಿನಿಂದ ಅದರ ತಳದ ಮೇಲೇ ಅಂಬೆಗಾಲಿಟ್ಟಿದ್ದೆ! ಮಳಖೇಡದ ಕೋಟೆಯೂ ಈ ಸೀಮೆಯ ಕಲ್ಲಿನದೇ. 9ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ನಮಗೆ ಉಳಿದು ಬಂದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ, ಅದೂ ಕಾವ್ಯ ಬರೆಯುವ ಬಗೆಯನ್ನು ಹೇಳುವ ಗ್ರಂಥ. ಈ ನೆಲದಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆದರೆ ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು: ಸಮ ಅಂತ ಕಾಣುವುದು ಪೂರ್ತಿ ಸಮ ಇರುವುದಿಲ್ಲ. ಮಾಳಿಗೆ ಕಟ್ಟುವವರು ನೀರು ಬೀಳುವ ತೂತಿನ ಕಡೆಗೆ ಇಳುಕಲು ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಮೊದಲ ಮಳೆಗೇ ಮನೆ ಸೋರುತ್ತದೆ. ನಮ್ಮ ಬಚ್ಚಲಿಗೆ ಪರಸಿ ಹಾಸಿದ ಮೇಸ್ತ್ರಿ ಒಂದು ಬೊಟ್ಟಿನಷ್ಟು ತಪ್ಪಿದ. ನೀರು ಮೂಲೆಯಲ್ಲಿ ನಿಲ್ಲತೊಡಗಿತು. ಅವ್ವ ಕೈಯಲ್ಲಿ ಶಕ್ತಿ ಇರುವವರೆಗೂ ದಿನಾ ಬೆಳಿಗ್ಗೆ ಬಗ್ಗಿ ಆ ನೀರನ್ನು ಕಸಬರಿಗೆಯಿಂದ ದೂಡುತ್ತಿದ್ದಳು. ನೋಡಿದವರಿಗೆ ಅದು ಸಮವಾದ ನೆಲವೇ.

ಹೊಲವೂ ಹಾಗೆಯೇ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ತೊಗರಿಗೆ ಬುಡದಲ್ಲಿ ನೀರು ನಿಂತರೆ ತಡೆಯುವುದಿಲ್ಲ. ದೊಡ್ಡ ಮಳೆಯಾದ ಮರುದಿನ ನಮ್ಮಪ್ಪ ಉಳಿದ ಹೊಲ ನೋಡದೆ ನೆಟ್ಟಗೆ ಈಶಾನ್ಯದ ಮೂಲೆಗೆ ನಡೆಯುತ್ತಿದ್ದ. ನನ್ನ ಕಣ್ಣಿಗೆ ಅಲ್ಲಿ ತಗ್ಗು ಇದೆ ಅಂತಲೇ ಕಾಣುತ್ತಿರಲಿಲ್ಲ. ವಾರದ ಮೇಲೆ ಹಳದಿಯಾದ ಎಲೆಗಳು ಅದರ ಗೆರೆ ಎಳೆದು ತೋರಿಸುತ್ತಿದ್ದವು.

ಈಗ ನಿನ್ನ ಕಥೆಗೆ ಬಾ. ಅಣ್ಣತಮ್ಮಂದಿರು ಎಂಟೆಕರೆ ಹೊಲ ನಾಲ್ಕು ನಾಲ್ಕು ಎಕರೆ ಪಾಲು ಮಾಡಿಕೊಳ್ಳುತ್ತಾರೆ. ‘ಸಮತಟ್ಟಾದ ಹೊಲ’ ಎಂದು ನೀನು ಬರೆದಿರುವುದರಿಂದ ಪಾಲೂ ಸಮವಾಗೇ ಕಾಣುತ್ತದೆ, ಮತ್ತೆ ಈ ಮನೆಯಲ್ಲಿ ಇಷ್ಟು ವಿಷ ಎಲ್ಲಿಂದ ಬಂತು ಎಂದು ಓದುವವರು ತಡಕಾಡುತ್ತಾರೆ. ತಗ್ಗಿನ ಮೂಲೆ ಯಾರ ಪಾಲಿಗೆ ಬಂತು, ತಂಗಿ? ಅದು ತಗ್ಗು ಅಂತ ಗೊತ್ತಿದ್ದೂ ಸುಮ್ಮನಿದ್ದವರು ಯಾರು? ಅತ್ತೆಗೆ ಗೊತ್ತಿತ್ತೇ? ಆ ಕೊಡದ ಜಗಳದ ಬೇರು ಅಲ್ಲಿರಬಹುದು ಎಂದು ನನಗೆ ಅನಿಸುತ್ತಿದೆ.

ಮುಂಗಾರು ಹತ್ತಿರ ಬಂತು. ಮೊದಲ ದೊಡ್ಡ ಮಳೆಗೆ ಊರಿಗೆ ಹೋಗು. ಮಾಳಿಗೆ ಹತ್ತಿ ನಿಂತರೆ ಮಳೆ ಮೂರು ಊರಿನಾಚೆಯಿಂದ ನಡೆದು ಬರುವುದು ಕಾಣುತ್ತದೆ. ಮೊದಲು ದೂರದ ಬೇವಿನ ಮರ ಮಸುಕಾಗುತ್ತದೆ, ಆಮೇಲೆ ಗುಡಿಯ ಶಿಖರ, ಆಮೇಲೆ ಮಣ್ಣಿನ ವಾಸನೆ ಬಂದು ಮುಖಕ್ಕೆ ತಾಗುತ್ತದೆ. ಮಳೆ ನಿಂತ ಮೇಲೆ ನಿಮ್ಮಪ್ಪನ ಜೊತೆ ಹೊಲಕ್ಕೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ಕೇಳು. ಪಾಲಿನ ಭಾಗವನ್ನು ಆಮೇಲೆ ತಿರುಗಿ ಬರೆದು ಕಳಿಸು. ನಾಗರ ಪಂಚಮಿಯ ತನಕ ನಾನು ಊರಲ್ಲೇ ಇರುತ್ತೇನೆ.

ಇತಿ,
ನಿನ್ನ ಅಕ್ಕ