ಸೈಕಲ್ಲಿನ ನಷ್ಟಕ್ಕೆ ರಸ್ತೆಯ ಮೇಲೆಯೇ ಬೆಲೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಮದ್ದೂರಿನಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿಯಿದೆ. ಕಾರಿಗೆ ಸಿಕ್ಕಿ ಜಖಂಗೊಂಡ ಸೈಕಲ್ಲುಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಒಂದಾದರೂ ಪತ್ರಿಕೆಯ ಅಪಘಾತ ಸುದ್ದಿಯಲ್ಲಿ ಬಂದದ್ದನ್ನು ನಾನು ಕಾಣೆ. ಸುದ್ದಿಯಾಗಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೇ ಕೈಕಾಲು ಮುರಿಯಬೇಕು. ಸವಾರ ಮೊಣಕಾಲು ತರಚಿಕೊಂಡು ಎದ್ದು ನಿಂತನೆಂದರೆ ಅಲ್ಲಿಗೆ ಮುಗಿಯಿತು. ಕಾರಿನವರು ಪರ್ಸು ತೆಗೆಯುತ್ತಾರೆ, ಸುತ್ತ ನೆರೆದವರು "ಜೀವ ಉಳಿಯಿತಲ್ಲ, ಕೊಟ್ಟಷ್ಟು ತೆಗೆದುಕೊಂಡು ಹೋಗಪ್ಪ" ಎಂದು ಬುದ್ಧಿ ಹೇಳುತ್ತಾರೆ. ಆ ಕೊಟ್ಟಷ್ಟರ ಬಗ್ಗೆಯೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಸೈಕಲ್ಲಿನ ಎರಡೂ ಬದಿಗೆ ಎಳನೀರಿನ ಗೊನೆ ಕಟ್ಟಿಕೊಂಡು ಮಾರುವವರೊಬ್ಬರು ನನ್ನ ಹಳೆಯ ಗಿರಾಕಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ನಮ್ಮಂಥವರೆಲ್ಲ ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕು. ಆದರೆ ತಿಂಡಿಗೆ, ಕಾಫಿಗೆ ಇಳಿಯುವ ಕಾರುಗಳೂ ಅದೇ ಸರ್ವಿಸ್ ರಸ್ತೆಗೆ ಬರುತ್ತವೆ, ಮೇಲಿನ ರಸ್ತೆಯ ವೇಗವನ್ನು ಜೊತೆಯಲ್ಲೇ ಇಳಿಸಿಕೊಂಡು. ಅಂಥದೊಂದು ಕಾರು ಇವರನ್ನು ಹಿಂದೆ ಹಾಕಿ, ಸಿಗ್ನಲ್ ಕೂಡ ಹಾಕದೆ ಹೋಟೆಲಿನ ಕಡೆಗೆ ಎಡಕ್ಕೆ ಹೊರಳಿತು. ಭಾರ ಹೇರಿಕೊಂಡ ಸೈಕಲ್ಲು ಬ್ರೇಕ್ ಹಿಡಿದ ತಕ್ಷಣ ನಿಲ್ಲುವುದಿಲ್ಲ. ನೇರವಾಗಿ ಕಾರಿನ ಹಿಂಬಾಗಿಲಿಗೆ ಹೋಗಿ ಗುದ್ದಿತು. ಎಳನೀರು ರಸ್ತೆಯ ತುಂಬ ಉರುಳಿ, ಕೆಲವು ಒಡೆದವು, ಕೆಲವನ್ನು ಹಿಂದೆ ಬಂದ ಲಾರಿ ಮುಗಿಸಿತು.

ಕಾರಿನವರ ಮೊದಲ ಮಾತು: "ನೀನೇ ಬಂದು ಗುದ್ದಿದ್ದೀಯ, ನನ್ನ ಬಾಗಿಲಿಗೆ ಯಾರು ಕೊಡುತ್ತಾರೆ?" ಯಾರ ಮೂತಿ ಯಾರಿಗೆ ತಾಗಿತು ಎನ್ನುವುದರಿಂದಲೇ ತಪ್ಪು ತೀರ್ಮಾನವಾಗುವುದಾದರೆ ಅಡ್ಡ ಬಂದವರು ಯಾವತ್ತೂ ನಿರಪರಾಧಿಗಳೇ. ಸ್ವಲ್ಪ ಹೊತ್ತು ಕೂಗಾಡಿದ ಮೇಲೆ ಮುಂದಿನ ಚಕ್ರದ ಡೊಂಕು ನೋಡಿ ಐನೂರು ರೂಪಾಯಿ ಕೊಟ್ಟು ಹೊರಟುಹೋದರು. ಕಾರಿನ ನಂಬರನ್ನು ಹೋಟೆಲಿನ ಹುಡುಗನೊಬ್ಬ ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಮುಂದೆ ಆದದ್ದಕ್ಕೆಲ್ಲ ಆ ಹುಡುಗನೇ ಕಾರಣ.

ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಚಕ್ರ ಮಾತ್ರ. ಚಕ್ರದ ರಿಪೇರಿ ದೊಡ್ಡದಲ್ಲ: ಮುಂದಿನದಕ್ಕೆ 32 ಕಡ್ಡಿ, ಹಿಂದಿನದಕ್ಕೆ 40, ರಿಮ್ ಹೊಸದು ಹಾಕಿ ಕಡ್ಡಿ ಬಿಗಿದರೆ ತಿರುಗುತ್ತದೆ. ನಾನು ನೋಡುವುದು ಬೇರೆ ಜಾಗ. ಎದುರಿನಿಂದ ಪೆಟ್ಟು ಬಿದ್ದಾಗ ಫೋರ್ಕು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಹಿಂದಕ್ಕೆ ಬಾಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಕಾಲ್ಬೆರಳು ಮಡ್‌ಗಾರ್ಡಿಗೆ ತಾಗುತ್ತದೆ. ಪೆಟ್ಟು ಇನ್ನೂ ಜೋರಾಗಿದ್ದರೆ ಹ್ಯಾಂಡಲಿನ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವಲ್ಲಿ ಬಣ್ಣ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಬೆರಳಾಡಿಸಿದರೆ ಕಬ್ಬಿಣ ಸಣ್ಣಗೆ ಸುಕ್ಕುಗಟ್ಟಿದ್ದು ಗೊತ್ತಾಗುತ್ತದೆ. ಇವರ ಸೈಕಲ್ಲಿನಲ್ಲಿ ಎರಡೂ ಆಗಿತ್ತು. ಅಂಥ ಫ್ರೇಮಿನ ಮೇಲೆ ಗೊನೆ ಹೇರಿಕೊಂಡು ಹೊರಟರೆ ಒಂದು ದಿನ ಹಳ್ಳಕ್ಕೆ ಬಿದ್ದಾಗ ಹ್ಯಾಂಡಲ್ಲೇ ಕಿತ್ತು ಕೈಗೆ ಬರುತ್ತದೆ. ಫ್ರೇಮು, ಫೋರ್ಕು, ರಿಮ್, ಕಡ್ಡಿ, ಟೈರು, ಕೂಲಿ ಸೇರಿ 3,950 ರೂಪಾಯಿ ಎಂದು ಬರೆದುಕೊಟ್ಟೆ. ಎಳನೀರಿನ ಲೆಕ್ಕ ಬೇರೆ.

ಫೋನಿನಲ್ಲಿ ಕಾರಿನವರು "ಹಳೆಯ ಸೈಕಲ್ಲಿಗೆ ಇಷ್ಟೊಂದೇ?" ಎಂದು ನಕ್ಕರಂತೆ. ಅವರ ಕಾರೂ ಹೊಸದಲ್ಲ. ಆದರೂ ಅದರ ಬಾಗಿಲ ತಗ್ಗು ಸರಿಪಡಿಸುವವನ ಮುಂದೆ ಅವರು ಯಾರೂ ಹಾಗೆ ನಗುವುದಿಲ್ಲ.

ಇನ್ನು ಕಾನೂನು. ಮಗಳ ಗೇರ್ ಸೈಕಲ್ಲಿಗೆ ಬ್ರೇಕ್ ಸರಿ ಮಾಡಿಸಲು ಬರುವ ವಕೀಲರೊಬ್ಬರು ನನ್ನ ಸ್ಟೂಲಿನ ಮೇಲೆ ಕುಳಿತೇ ವಿವರಿಸಿದರು. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಪ್ರತಿ ಕಾರಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಗಾಯ, ಸಾವುಗಳಿಗೆ ಮಾತ್ರವಲ್ಲ, ಬೇರೆಯವರ ಆಸ್ತಿಗೆ ಆದ ನಷ್ಟಕ್ಕೂ ಅನ್ವಯಿಸುತ್ತದೆ. ಖಾಸಗಿ ಕಾರಿಗೆ ಸಾಮಾನ್ಯವಾಗಿ ಆಸ್ತಿ ನಷ್ಟದ ಮಿತಿ ಏಳೂವರೆ ಲಕ್ಷ ರೂಪಾಯಿ. 166ನೇ ಕಲಂ ಪರಿಹಾರದ ಅರ್ಜಿ ಹಾಕಬಹುದಾದವರಲ್ಲಿ ಗಾಯಗೊಂಡವರ ಜೊತೆಗೆ "ಆಸ್ತಿಯ ಮಾಲೀಕ"ನನ್ನೂ ಸೇರಿಸಿದೆ. ಸೈಕಲ್ಲು ಆಸ್ತಿಯಲ್ಲವೇ? ಎಳನೀರು ಮಾರುವವರಿಗೆ ಮನೆಯ ಮೇಲಿನ ಹೆಂಚು ಬಿಟ್ಟರೆ ಅದೇ ದೊಡ್ಡ ಆಸ್ತಿ. ಅಷ್ಟೇ ಅಲ್ಲ, ಯಾರಿಗೂ ಗಾಯವಾಗದೆ ಆಸ್ತಿ ಮಾತ್ರ ಜಖಂ ಆದರೂ ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಚಾಲಕನೇ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕೆಂದು 134ನೇ ಕಲಂ ಹೇಳುತ್ತದೆ. ಹಾಗೆ ತಿಳಿಸಿದ ಕಾರಿನವರನ್ನು ನಾನಂತೂ ಕಂಡಿಲ್ಲ.

ಕಾನೂನು ಹೀಗಿದ್ದರೆ, ನಡೆಯುವುದು ಹೀಗೆ. ಠಾಣೆಯಲ್ಲಿ "ಗಾಯ ಆಗಿಲ್ಲವಲ್ಲ, ಕೇಸ್ ಏನು ಹಾಕುವುದು, ರಾಜಿ ಮಾಡಿಕೊಳ್ಳಿ" ಎಂದರು. ಸ್ವೀಕೃತಿ ಕೇಳಿದ್ದಕ್ಕೆ ಸಿಟ್ಟಾದರು. ವಿಮೆ ಕಂಪನಿಯ ಕಚೇರಿಯಲ್ಲಿ ಗಿರಾಕಿಯ ಜೊತೆ ನಾನೂ ಇದ್ದೆ. ಅವರು ಕೊಟ್ಟ ಫಾರಂನಲ್ಲಿ ಜಖಂಗೊಂಡ ವಾಹನದ ನೋಂದಣಿ ಸಂಖ್ಯೆ, ಆರ್‌ಸಿ ಪ್ರತಿ, ವಿಮೆ ಸಂಖ್ಯೆ ಎಂದೆಲ್ಲ ಕಾಲಂಗಳಿದ್ದವು. ಸೈಕಲ್ಲಿಗೆ ನೋಂದಣಿಯೇ ಇಲ್ಲ ಎಂದರೆ, ಹಾಗಾದರೆ ನಿಮ್ಮದೇ ಸೈಕಲ್ ಎನ್ನುವುದಕ್ಕೆ ಪುರಾವೆ ಏನು ಎಂಬ ಪ್ರಶ್ನೆ. ಅಂಗಡಿಗೆ ಹಿಂತಿರುಗಿ ಫ್ರೇಮಿನ ಮೇಲಿನ ಮಣ್ಣು, ಗ್ರೀಸು ಕೆರೆದು ಅಲ್ಲಿ ಒತ್ತಿದ್ದ ನಂಬರು ಓದಿ ಬರೆದುಕೊಟ್ಟೆವು. ನನ್ನ ಕೈಬರಹದ ಬಿಲ್ಲು ನಡೆಯುವುದಿಲ್ಲವಂತೆ, ಜಿಎಸ್‌ಟಿ ಬಿಲ್ಲು ಬೇಕಂತೆ. ಪಂಕ್ಚರ್ ಹಾಕಿ, ಕಡ್ಡಿ ಬಿಗಿದು ಬದುಕುವವನ ವಹಿವಾಟು ಜಿಎಸ್‌ಟಿ ನೋಂದಣಿಯ ಮಟ್ಟಕ್ಕೆ ಏರುವುದು ಯಾವ ಜನ್ಮಕ್ಕೋ. ಕೊನೆಗೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಆದೇಶ ತನ್ನಿ ಎಂದರು. ನಾಲ್ಕು ಸಾವಿರ ರೂಪಾಯಿಗೆ ನ್ಯಾಯಮಂಡಳಿಗೆ ಹೋದರೆ ಹಾಜರಾತಿಯ ದಿನಗಳ ದುಡಿಮೆಯಲ್ಲೇ ಅದು ಕರಗುತ್ತದೆ. ಅದು ಅವರಿಗೂ ಗೊತ್ತು.

ವಾಸ್ತವದಲ್ಲಿ 2019ರ ತಿದ್ದುಪಡಿಯ ನಂತರ 149ನೇ ಕಲಂ, ಅಪಘಾತದ ಮಾಹಿತಿ ಬಂದ ಮೇಲೆ ಇತ್ಯರ್ಥಕ್ಕಾಗಿ ವಿಮೆ ಕಂಪನಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕೆಂದು ಹೇಳುತ್ತದೆ. ಆ ಮಾಹಿತಿ ಪರಿಹಾರ ಕೇಳುವವನಿಂದಲೇ ಬಂದರೂ ಆಯಿತು. ಕೌಂಟರಿನಲ್ಲಿ ಕುಳಿತವರಿಗೆ ಈ ವಿಷಯವನ್ನು ಯಾರೂ ತಿಳಿಸಿದಂತಿಲ್ಲ.

ನಮ್ಮ ಗಿರಾಕಿಗೆ ಹಣ ಸಿಕ್ಕಿತು, ಆದರೆ ಬೇರೆ ದಾರಿಯಲ್ಲಿ. ವಕೀಲರ ಸಲಹೆಯಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ವ್ಯಾಜ್ಯಪೂರ್ವ ಅರ್ಜಿ, ಅಂದರೆ ಕೇಸು ಹಾಕುವ ಮೊದಲೇ ರಾಜಿಗೆಂದು ಕೊಡುವ ಅರ್ಜಿ, ಕೊಟ್ಟರು. ಅದಕ್ಕೆ ನ್ಯಾಯಾಲಯದ ಶುಲ್ಕವಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ನೋಟಿಸು ಕೈಸೇರಿದ ಮೇಲೆ ಕಾರಿನವರ ನಗು ನಿಂತಿತು. ಕ್ಲೇಮಿಗೆ ಒಪ್ಪಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆಂಬ ಹೆದರಿಕೆ ಅವರಿಗಿತ್ತಂತೆ. ಆ ಬೋನಸ್ ಸ್ವಂತ ಕಾರಿನ ಹಾನಿಯ ಭಾಗಕ್ಕೆ ಸಂಬಂಧಪಟ್ಟದ್ದು, ಥರ್ಡ್ ಪಾರ್ಟಿ ಕ್ಲೇಮಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಕೀಲರು ತಿಳಿಸಿದರು. ಆದರೂ ಕಾರಿನವರು ಕಂಪನಿಯ ಗೊಡವೆಯೇ ಬೇಡವೆಂದು ರಿಪೇರಿಯ ಹಣವನ್ನು ಕೈಯಿಂದಲೇ ಕೊಟ್ಟರು. ಎಳನೀರಿಗೆ ಮತ್ತು ಕೆಲಸ ನಿಂತ ದಿನಗಳಿಗೆ ಏನೂ ಸಿಗಲಿಲ್ಲ.

ಸೈಕಲ್ಲಿನವರದೂ ತಪ್ಪಿರುತ್ತದೆ, ಇಲ್ಲವೆನ್ನುವುದಿಲ್ಲ. ರಾತ್ರಿ ರಿಫ್ಲೆಕ್ಟರ್ ಇಲ್ಲದೆ, ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವವರನ್ನು ನಾನೇ ಬೈದಿದ್ದೇನೆ. ಅಂಥಲ್ಲಿ ಪರಿಹಾರ ಅವರವರ ತಪ್ಪಿಗೆ ತಕ್ಕಂತೆ ಕಡಿಮೆಯಾಗಲಿ. ವಿಚಾರಿಸದೆ ಐನೂರಕ್ಕೆ ಮುಗಿಸುವುದು ಬೇಡ.

ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಗಾಯವಿಲ್ಲದಿದ್ದರೂ ದೂರಿಗೆ ಸ್ವೀಕೃತಿ ಕೊಡಲು ಠಾಣೆಗಳಿಗೆ ಸೂಚಿಸಿ. ಪರಿಹಾರ ಕೇಳುವವನಿಗೆ ಅಪಘಾತ ಮಾಡಿದ ವಾಹನದ ವಿವರ ಮತ್ತು ಅದನ್ನು ಓಡಿಸುತ್ತಿದ್ದವರ ಹೆಸರು, ವಿಳಾಸ ಕೊಡಬೇಕೆಂದು 160ನೇ ಕಲಂ ಹೇಳುತ್ತದೆ, ಅದನ್ನು ಠಾಣೆಯ ಗೋಡೆಗೆ ಅಂಟಿಸಿದರೂ ಸಾಕು. ವಿಮೆ ಕಂಪನಿಗಳು ಫಾರಂನಲ್ಲಿ ಸೈಕಲ್ಲಿಗೆಂದು ಒಂದು ಸಾಲು ಬಿಡಲಿ, ಇಂತಿಷ್ಟು ಸಾವಿರದವರೆಗೆ ನಮ್ಮಂಥವರ ಸಹಿ ಮಾಡಿದ ಬಿಲ್ಲನ್ನು ಒಪ್ಪಲಿ. ಅನುಮಾನವಿದ್ದರೆ ಅಂಗಡಿಗೆ ಬಂದು ನೋಡಲಿ, ಕಡ್ಡಿಯೊಂದನ್ನೂ ಮುಚ್ಚಿಡುವುದಿಲ್ಲ.

ಸೈಕಲ್ ಸವಾರರಿಗೆ ಒಂದೆರಡು ಮಾತು. ಕಾರಿನ ನಂಬರು, ಬಿದ್ದ ಸೈಕಲ್ಲು, ಕಾರಿಗೆ ತಾಗಿದ ಜಾಗ ಇವುಗಳ ಫೋಟೊ ಮೊದಲು ತೆಗೆಸಿ. ನಂಬರು ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ಎಂಪರಿವಾಹನ್ ಆ್ಯಪ್‌ನಲ್ಲಿ ಕಾಣುತ್ತದೆ. ನ್ಯಾಯಮಂಡಳಿಗೆ ಹೋಗುವುದಾದರೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಇದೆ, ತಡಮಾಡಬೇಡಿ. ಯಾವುದಾದರೂ ಅಂಗಡಿಯಲ್ಲಿ ಫೋರ್ಕು, ಫ್ರೇಮು ಪರೀಕ್ಷೆ ಮಾಡಿಸುವವರೆಗೆ ಯಾವ ಮೊತ್ತಕ್ಕೂ ಒಪ್ಪಬೇಡಿ. ರಿಪೇರಿಯಾದ ಮೇಲೆ ಬಾಗಿದ ಫೋರ್ಕನ್ನು ಗುಜರಿಯವನಿಗೆ ಹಾಕದೆ, ಹಣ ಕೈಗೆ ಬರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಿ. ನಷ್ಟದ ಅಂದಾಜನ್ನು ಬರೆದುಕೊಡಲು ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಮಂಗಳವಾರ ಅಂಗಡಿಗೆ ರಜೆ.

ಸೈಕಲ್ ಅಂಗಡಿಯವನು, ಮದ್ದೂರು